ಹುಲ್ಲು ಹೊರದವರಿಗೆ ಕದಿರಿಲ್ಲ

ಮುತ್ತಕ್ಕ ದೇವರಿಗೆ ಕಟ್ಟುವ ಭತ್ತದ ಕದಿರಿಗೇ ಇಲ್ಲ ಅಂದಳಂತೆ. ಅಹಂಕಾರ ತಲೆಗೇರಿತ್ತಂತೆ. ಅದಕ್ಕೇ ಮರುವರ್ಷ ಗದ್ದೆಯೂ ಹೋಯಿತಂತೆ, ಹಿಂದೆಯೇ ಅವಳೂ ಹೋದಳಂತೆ. ಮುಂಬಯಿಯ ಭಾಂಡುಪಿನಲ್ಲಿ ನಮ್ಮ ಕುಂದಾಪುರ, ಉಡುಪಿ ಕಡೆಯವರು ಒಂದೆಡೆ ಸೇರಿದರೆ ಈ ಕಥೆ ಬಾರದೆ ಇರುವುದಿಲ್ಲ. ಮೊನ್ನೆ ಸಂಘದ ಸಭಾಂಗಣದಲ್ಲಿ ನಡೆದ ಶ್ರದ್ಧಾಂಜಲಿಯಲ್ಲೂ ಇದನ್ನೇ ಸ್ವಲ್ಪ ಗಂಧ ಪೂಸಿ ಹೇಳಿದರು: ಕೊನೆಗಾಲಕ್ಕೆ ಹಟ ಜಾಸ್ತಿಯಾಗಿತ್ತು, ಆದರೂ ಮಣ್ಣಿನ ಮಗಳು.

ನಾನು ಇದನ್ನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಡಿಬೇಟ್ ಟೀಮಿನಲ್ಲಿದ್ದವಳು ನಾನು. ಎದುರಾಳಿ ಏನು ಹೇಳಿದ ಎನ್ನುವುದಕ್ಕಿಂತ ಏನನ್ನು ಬಿಟ್ಟ ಎಂದು ನೋಡುವುದು ನಮಗೆ ಅಲ್ಲಿ ಹತ್ತಿಸಿದ ಚಟ. ಈ ಕಥೆಯಲ್ಲಿ ಕದಿರಿದೆ, ದೇವರಿದ್ದಾನೆ, ಅಹಂಕಾರವಿದೆ. ಹುಲ್ಲೇ ಇಲ್ಲ.

ಮುತ್ತಕ್ಕನನ್ನು ನಾನು ಮೊದಲು ಗುರುತಿಸಲು ಕಲಿತದ್ದು ಮುಖದಿಂದಲ್ಲ. ಅಕ್ಟೋಬರ್ ಬಿಸಿಲಿನಲ್ಲಿ ನಮ್ಮ ಚಾಳಿನ ಹಿಂದಿನ ಗಲ್ಲಿಯಲ್ಲಿ ಬೈಹುಲ್ಲಿನ ಹೊರೆಯೊಂದು ತಾನಾಗಿ ನಡೆದು ಬರುತ್ತಿತ್ತು. ತಲೆಯಿಲ್ಲ, ಕೈಯಿಲ್ಲ. ಕೆಳಗೆ ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಕೆಸರು ಮೆತ್ತಿದ ಎರಡು ಕಾಲು. ಎರಡೂ ಕಡೆಯ ಗೋಡೆಗೆ ಹುಲ್ಲು ಸವರಿಕೊಂಡು ಬರುತ್ತಿತ್ತು. ಎದುರಿಗೆ ಬೈಕ್ ಬಂದರೆ ಹೊರೆ ನಿಲ್ಲುತ್ತಿರಲಿಲ್ಲ, ಬೈಕೇ ಹಿಂದೆ ಸರಿಯಬೇಕು. ಹೊರೆಯ ಒಳಗಿನಿಂದ ಅವರ ಹಿಂದಿ ಬರುತ್ತಿತ್ತು: "ಹಾರ್ನ್ ಕಾಯ್ಕೋ ಮಾರ್ತಾ? ಘಾಸ್ ಕೋ ಕಾನ್ ಹೈ ಕ್ಯಾ?" ಹಾರ್ನ್ ಕೇಳಲು ಹುಲ್ಲಿಗೇನು ಕಿವಿ ಇದೆಯಾ ಎಂದು.

ಮುತ್ತಕ್ಕನ ಗಂಡ ಪರೇಲಿನ ಹೋಟೆಲೊಂದರಲ್ಲಿ ಭಟ್ಟಿಯ ಮುಂದೆ ನಿಂತು ಆಯುಷ್ಯ ಕಳೆದವರು. ಅವರು ತೀರಿದ ಮೇಲೂ ಮುತ್ತಕ್ಕ ಊರಿಗೆ ಹೋಗಲಿಲ್ಲ. ನಮ್ಮ ಚಾಳಿನ ಕೊನೆಯ ಒಂದೇ ಕೋಣೆಯ ಖೋಲಿಯಲ್ಲಿ ಒಬ್ಬರೇ ಉಳಿದರು. ಖೋಲಿಯ ಹಿಂದೆ, ಮುಚ್ಚಿಹೋದ ಕಾರ್ಖಾನೆಯೊಂದರ ಕಾಂಪೌಂಡಿಗೂ ಗುಡ್ಡಕ್ಕೂ ನಡುವೆ, ಮಳೆಗಾಲದಲ್ಲಿ ನೀರು ಇಳಿದು ನಿಲ್ಲುವ ತಗ್ಗು ಇತ್ತು. ಬೇರೆಯವರಿಗೆ ಅದು ಸೊಳ್ಳೆಯ ಜಾಗ, ಮುತ್ತಕ್ಕನಿಗೆ ಗದ್ದೆ. ಮೇ ತಿಂಗಳಲ್ಲಿ ರಸ್ತೆಯಾಚೆಯ ತಬೇಲೆಯಿಂದ ಎಮ್ಮೆಯ ಗೊಬ್ಬರ ಹೊತ್ತು ತಂದು ಹಾಕುವರು. ಮೊದಲ ಮಳೆ ಬಿದ್ದಾಗ ಒಂದು ಮೂಲೆಯಲ್ಲಿ ಅಗೆ, ಅಂದರೆ ಭತ್ತದ ಸಸಿ, ಹಾಕುವರು. ಲೋಕಲ್ ರೈಲು ನಿಂತುಹೋಗುವಷ್ಟು ಮಳೆ ಬಂದ ದಿನ ಇಡೀ ನಗರ ಶಾಪ ಹಾಕುತ್ತಿದ್ದರೆ ಅವರು ಬಗ್ಗಿ ನಾಟಿ ಮಾಡುತ್ತಿದ್ದರು. ಭಾದ್ರಪದ ಕಳೆಯುವಾಗ ಕದಿರು, ಆಶ್ವಯುಜದ ಬಿಸಿಲಿಗೆ ಕೊಯ್ಲು. ಕೊಯ್ದು ಕಟ್ಟಿದ ಸೂಡಿಗಳನ್ನು ಹಳೆಯ ಕಬ್ಬಿಣದ ಮಂಚವೊಂದಕ್ಕೆ ಬಡಿದು ಭತ್ತ ಉದುರಿಸಿ, ಹುಲ್ಲನ್ನು ಹರವಿ, ಮಗುಚಿ, ಒಣಗಿಸಿ ಕೊನೆಗೆ ಕುತ್ರಿ ಹಾಕುವುದು. ಕುತ್ರಿ ಎಂದರೆ ಹುಲ್ಲನ್ನು ಒಂದು ಕಂಬದ ಸುತ್ತ ಒಟ್ಟಿ, ತಲೆ ಚೂಪು ಮಾಡಿ, ನೀರು ಒಳಗಿಳಿಯದ ಹಾಗೆ ಕಟ್ಟಿದ ಬಣವೆ. ಅದರಿಂದ ದಿನಕ್ಕಿಷ್ಟು ಹುಲ್ಲು ತಬೇಲೆಗೆ ಹೋಗುತ್ತಿತ್ತು. ತಬೇಲೆಯ ಭೈಯ್ಯಾ ಬದಲಿಗೆ ಹಾಲು ಕೊಡುತ್ತಿದ್ದ, ಮೇ ಬಂದಾಗ ಮತ್ತೆ ಗೊಬ್ಬರ. ಅವರ ವರ್ಷ ಹೀಗೆ ಸುತ್ತುತ್ತಿತ್ತು. ಕ್ಯಾಲೆಂಡರ್ ಅವರಿಗೆ ಬೇಕಾಗಿರಲಿಲ್ಲ. ನನ್ನ ಸೆಮಿಸ್ಟರ್ ಪರೀಕ್ಷೆ ಯಾವಾಗ ಎಂದು ಕೇಳಿ, ನಾನು ತಾರೀಕು ಹೇಳಿದರೆ, ಅದು ಕದಿರು ಒಡೆಯುವಾಗಲೋ ಹುಲ್ಲು ಒಣಗುವಾಗಲೋ ಎಂದು ಮರುಪ್ರಶ್ನೆ ಹಾಕುತ್ತಿದ್ದರು.

ಇದನ್ನೆಲ್ಲ ಊರಿನ ನೆನಪಿಗೆ ಮಾಡುತ್ತಾರೆ ಎಂದು ಜನ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು. ನಾನೂ ಒಮ್ಮೆ ಹಾಗೆಯೇ ಕೇಳಿದೆ. ಮುತ್ತಕ್ಕ ನಕ್ಕರು.

"ಊರಂಗೆ ನಂಗೆ ಗದ್ದಿ ಎಲ್ಲಿತ್ತ್ ಮಾರಾಯ್ತಿ? ಸಣ್ಣ್ ಪ್ರಾಯದಂಗೆ ಹೊತ್ತದ್ದೆಲ್ಲ ಬೇರೆಯವ್ರ್ ಕುತ್ರಿಗೆ. ನನ್ ಕುತ್ರಿ ಅಂದೇಳಿ ಒಂದ್ ಇದ್ದದ್ ಈ ಭಾಂಡುಪಂಗೇ."

ನೆನಪಿಗಲ್ಲ, ಊರಿನಲ್ಲಿ ಎಂದೂ ಇಲ್ಲದಿದ್ದುದಕ್ಕೆ. ಇದನ್ನು ಅಂದಿನಿಂದ ಎಷ್ಟು ಜನರಿಗೆ ಹೇಳಿದೆನೋ, ಯಾರಿಗೂ ಹಿಡಿಸಲಿಲ್ಲ. ಊರಿನ ನೆನಪು ಎಂದರೆ ಚಪ್ಪಾಳೆ ಬರುತ್ತದೆ, ಇದಕ್ಕೆ ಬರುವುದಿಲ್ಲ.

ಈಗ ಕದಿರಿನ ವಿಷಯ. ನವರಾತ್ರಿಯ ಹೊತ್ತಿಗೆ ನಮ್ಮವರು ಹೊಸ ಭತ್ತದ ಕದಿರು ತಂದು ಬಾಗಿಲಿಗೆ, ದೇವರ ಕೋಣೆಗೆ ಕಟ್ಟುತ್ತಾರೆ. ಮುಂಬಯಿಯಲ್ಲಿ ಕದಿರು ದಾದರಿನ ಹೂವಿನ ಮಾರ್ಕೆಟ್ಟಿನಲ್ಲಿ ಸಿಗುತ್ತದೆ ನಿಜ, ಆದರೆ ಗದ್ದೆಯಿಂದಲೇ ಕೊಯ್ದು ತರುವ ಗತ್ತೇ ಬೇರೆ. ಹಾಗಾಗಿ ಮುಲುಂಡ್, ಠಾಣೆಯಿಂದಲೂ ಜನ ಹಿತ್ತಾಳೆ ಹರಿವಾಣ ಹಿಡಿದು, ಮೇಲೆ ರೇಷ್ಮೆ ಬಟ್ಟೆ ಮುಚ್ಚಿ, ಲೋಕಲಿನಲ್ಲಿ ಬರುತ್ತಿದ್ದರು. ಮುತ್ತಕ್ಕ ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ. ಒಂದೇ ಕರಾರು: ಕದಿರು ಒಯ್ದವರು ಕೊಯ್ಲಾದ ಮೇಲೆ ಬಂದು ಒಂದು ಹೊರೆ ಹುಲ್ಲು ಕುತ್ರಿಯವರೆಗೆ ಹೊರಬೇಕು. ನನ್ನ ಅಪ್ಪ ಹೊತ್ತರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಅಂಗೈಯಗಲದ ಕಟ್ಟು ಹೊತ್ತು, ಅದಕ್ಕಿಂತ ಜಾಸ್ತಿ ಸಮಯ ಫೋಟೋ ತೆಗೆಸಿಕೊಂಡರು. ಮುತ್ತಕ್ಕ ಅದನ್ನೂ ಒಪ್ಪಿಕೊಂಡರು. ಬಂದರಲ್ಲ, ಸಾಕು.

ಬಾರದವರು ಸುಧಾಕರಣ್ಣ. ನಮ್ಮ ಭಾಗದ ದೊಡ್ಡ ರೆಸ್ಟೋರೆಂಟಿನ ಮಾಲಕರು, ಸಂಘದ ಅಧ್ಯಕ್ಷರು, ಚಾಳಿನ ಅರ್ಧ ಭಾಗ ಕೆಡವಿ ಎದ್ದ ಟವರಿನ ಸೊಸೈಟಿಗೆ ಸೆಕ್ರೆಟರಿ. ಎಲ್ಲರೂ ಅಣ್ಣ ಅನ್ನುವ ಅವರನ್ನು ಮುತ್ತಕ್ಕ ಮಾತ್ರ ಬರೀ ಸುಧಾಕರ ಅನ್ನುತ್ತಿದ್ದರು. ಮೊದಲ ವರ್ಷ ಸುಧಾಕರಣ್ಣ ತಮ್ಮ ಬದಲು ಇಬ್ಬರು ವೇಟರ್‌ಗಳನ್ನು ಕಳಿಸಿದರು. ಮುತ್ತಕ್ಕ ಅವರನ್ನು ಕೂರಿಸಿ, ಚಹಾ ಕೊಟ್ಟು, ಕದಿರು ಯಾರ ಬಾಗಿಲಿಗೆ ಕಟ್ಟಿದ್ದೋ ಹುಲ್ಲೂ ಅವರ ತಲೆಗೇ ಎಂದು ಹೇಳಿ ಕಳಿಸಿಬಿಟ್ಟರು. ಆಮೇಲೆ ಎಲ್ಲಿ ಸಿಕ್ಕಿದರೂ, ಮದುವೆ ಮನೆಯಲ್ಲೇ ಇರಲಿ, ಒಂದೇ ಮಾತು: "ಸುಧಾಕರ, ನಿನ್ ಹೊರಿ ಬಾಕಿ ಇತ್ತ್." ಅವರು ನಗುತ್ತಿದ್ದರು. ಆ ನಗು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂತು.

ಆಮೇಲೆ ತಕರಾರು ಕುತ್ರಿಯ ಜಾಗಕ್ಕೇ ಬಂತು. ಕುತ್ರಿ ನಿಲ್ಲುತ್ತಿದ್ದದ್ದು ಚಾಳು ಮತ್ತು ಟವರಿನ ನಡುವಿನ ಮೂಲೆಯಲ್ಲಿ. ಅಲ್ಲಿ ಒಣಹುಲ್ಲು ಇಟ್ಟರೆ ಬೆಂಕಿಯ ಅಪಾಯ ಎಂದು ಸೊಸೈಟಿ ಮೀಟಿಂಗ್ ಕರೆಯಿತು. ಮುತ್ತಕ್ಕನ ಪರವಾಗಿ ನಾನು ಮಾತಾಡಿದೆ. ಒಣಹುಲ್ಲು ಹೊತ್ತಿಕೊಳ್ಳುತ್ತದೆ, ಅದನ್ನು ಒಪ್ಪಿಕೊಂಡೇ ಶುರುಮಾಡಿದೆ. ಪಕ್ಕದಲ್ಲೇ ಸಾಲಾಗಿ ನಿಂತ ಕಾರುಗಳಲ್ಲಿ ಏನು ತುಂಬಿದೆ ಎಂದು ಕೇಳಿದೆ. ದೀಪಾವಳಿಗೆ ಅದೇ ಅಂಗಳದಲ್ಲಿ ಪಟಾಕಿ ಹೊಡೆಯುವವರು ಯಾರೆಂದು ಕೇಳಿದೆ. ನೀರಿನ ಡ್ರಮ್ ಇಡೋಣ, ಕುತ್ರಿಯನ್ನು ಗೋಡೆಯಿಂದ ದೂರ ಹಾಕೋಣ ಎಂದೆ. ಸುಧಾಕರಣ್ಣ ಕೈ ಎತ್ತಿಸಿ, ಅಲ್ಲಿ ಕುತ್ರಿ ಹಾಕಬಾರದು ಎಂದು ತೀರ್ಮಾನ ಮಾಡಿಸಿದರು. ಕಾಲೇಜಿನಲ್ಲಾದರೆ ಬಹುಮಾನದ ಕಪ್ ನನಗೇ ಸಿಗುತ್ತಿತ್ತು. ಹೊರಗೆ ಬಂದಾಗ ಮುತ್ತಕ್ಕ ನನ್ನ ಬೆನ್ನು ತಟ್ಟಿದರು.

"ಚಂದ ಮಾತಾಡ್ದೆ ಹೆಣೆ. ಈಗ ಹುಲ್ಲ್ ಎಲ್ ಹಾಕುದ್, ಅದ್ನ ಹೇಳ್."

ಆ ವರ್ಷ ಹುಲ್ಲು ಗದ್ದೆಯಲ್ಲೇ ಉಳಿಯಿತು. ಮತ್ತೆ ಮಳೆ ಬಿದ್ದು ಕಪ್ಪಾಗಿ ಕೊಳೆಯಿತು. ಮುತ್ತಕ್ಕ ಅದನ್ನು ನೋಡುತ್ತಾ ಕೂತದ್ದನ್ನು ನಾನು ನೋಡಿದ್ದೇನೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ಅದಕ್ಕೇ ನನಗೆ ಹೆದರಿಕೆಯಾಗಿತ್ತು.

ಮರುವರ್ಷ ನವರಾತ್ರಿಯಲ್ಲಿ ಸಂಘದವರು ಚೆಂಡೆ ಬಾರಿಸಿಕೊಂಡು, ಭಟ್ಟರನ್ನು ಮುಂದೆ ಮಾಡಿಕೊಂಡು ಗದ್ದೆಗೆ ಬಂದರು. ಕದಿರು ಬಾಗಿ ನಿಂತಿತ್ತು. ಮುತ್ತಕ್ಕ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬದುವಿನ ಮೇಲೆ ನಿಂತಿದ್ದರು. ಚೆಂಡೆ ನಿಂತ ಮೇಲೆ ಹೇಳಿದರು:

"ಹುಲ್ಲಿಗೆ ಜಾಗ ಇಲ್ದಿದ್ ಕಡಿ ಕದ್ರಿಗೆ ಎಂತ ಕೆಲ್ಸ?"

ದೇವರ ಕಾರ್ಯಕ್ಕೆ ಇಲ್ಲ ಅನ್ನಬಾರದು ಎಂದು ಭಟ್ಟರು ಮೆತ್ತಗೆ ಹೇಳಿದರು. ಮುತ್ತಕ್ಕ ಅವರಿಗೆ ಕೈ ಮುಗಿದರು. "ದೇವ್ರಿಗೆ ನಾನೇ ಹೇಳ್ತೆ ಭಟ್ರೆ. ಇವ್ರಿಗೆ ನೀವ್ ಹೇಳಿ."

ಹರಿವಾಣ ಬರಿದಾಗಿಯೇ ತಿರುಗಿತು. ಸಂಜೆಯೊಳಗೆ ದಾದರಿನಿಂದ ಕದಿರು ಬಂತು, ಪೂಜೆಯೂ ಆಯಿತು, ದೇವರಿಗೆ ಕಡಿಮೆಯಾದದ್ದೇನೂ ಇಲ್ಲ. ಕಡಿಮೆಯಾದದ್ದು ಇವರ ಗತ್ತಿಗೆ. ಅಹಂಕಾರ ಎಂಬ ಮಾತು ಹುಟ್ಟಿದ್ದು ಅಂದು.

ಕೊಯ್ಲಾಯಿತು. ಹುಲ್ಲು ಒಣಗಿತು. ಎಲ್ಲಿ ಹಾಕುತ್ತಾರೆ ಎಂದು ಟವರಿನ ಬಾಲ್ಕನಿಗಳಿಂದ ಜನ ನೋಡುತ್ತಿದ್ದರು. ಮುತ್ತಕ್ಕ ಹೊರೆ ಹೊತ್ತು ನೇರ ತಮ್ಮ ಖೋಲಿಗೇ ನಡೆದರು. ಗ್ಯಾಸ್ ಸಿಲಿಂಡರ್ ನಮ್ಮ ಮನೆಗೆ ಬಂತು, ದೇವರ ದೀಪವೂ ಬಂತು, ಕೊನೆಗೆ ಅವರ ಚಾಪೆಯೂ. ಖೋಲಿಯಲ್ಲಿ ನೆಲದಿಂದ ಮಾಡಿನವರೆಗೆ ಹುಲ್ಲು. ಅಪ್ಪ, ನಾನು, ಚಾಳಿನ ಹೆಂಗಸರು ಎಲ್ಲ ಹೊತ್ತೆವು. ನನ್ನ ಕುತ್ತಿಗೆ ವಾರವಿಡೀ ತಿರುಗಲಿಲ್ಲ. ಇದು ಹುಚ್ಚು ಎಂದು ನಾನೇ ಅವರ ಹತ್ತಿರ ವಾದ ಮಾಡಿದೆ. ಇರಲು ಮನೆಯಿಲ್ಲದೆ ಹುಲ್ಲಿಗೆ ಮನೆ ಯಾಕೆ ಎಂದೆ. ನಿನ್ನ ಅಬ್ಬಿ ನನಗೆ ಜಾಗ ಕೊಟ್ಟಳು, ಹುಲ್ಲಿಗೆ ಯಾರು ಕೊಟ್ಟರು ಎಂದು ಕೇಳಿದರು. ಅಬ್ಬಿ ಅಂದರೆ ನಮ್ಮಮ್ಮ. ಅಡುಗೆಮನೆಯಿಂದ ಅಮ್ಮ ನಕ್ಕದ್ದು ಕೇಳಿಸಿತು, ನನ್ನ ವಾದ ಅಲ್ಲಿಗೆ ಮುಗಿಯಿತು.

ಡಿಸೆಂಬರಿನಲ್ಲಿ ಸಂಘದ 'ನಮ್ಮ ಹಳ್ಳಿ' ಕಾರ್ಯಕ್ರಮ. ವೇದಿಕೆಯ ಮೇಲೆ ಹುಲ್ಲಿನ ಮಾಡು, ಅದರ ಮುಂದೆ ಬೈಹುಲ್ಲಿನ ಹೊರೆಗಳು, ಫೋಟೋ ತೆಗೆಸಿಕೊಳ್ಳಲು ಸಾಲು. ಬೆಂಕಿಯ ಮಾತು ಆ ದಿನ ಯಾರ ಬಾಯಲ್ಲೂ ಇರಲಿಲ್ಲ. ಮುನಿಸು ಕರಗಲಿ ಎಂದು ಸುಧಾಕರಣ್ಣ ಮುತ್ತಕ್ಕನಿಗೆ ಸನ್ಮಾನ ಇಟ್ಟಿದ್ದರು. ಅವರು ಬರುವುದಿಲ್ಲ ಎಂದು ನಾನು ಪಣ ಕಟ್ಟಿದ್ದೆ. ಬಂದರು, ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದರು. ಶಾಲು ಹೊದೆಸಿದರು. ಎರಡು ಮಾತು ಹೇಳಿ ಎಂದು ಮೈಕ್ ಕೊಟ್ಟರು. ಮುತ್ತಕ್ಕ ಒಂದು ಹೊರೆಯನ್ನು ಮುಟ್ಟಿ ನೋಡಿ ಕೇಳಿದರು:

"ಇದನ್ ಹೊತ್ತದ್ ಯಾರ್?"

"ಟೆಂಪೋ, ಮುತ್ತಕ್ಕ" ಎಂದರು ಸುಧಾಕರಣ್ಣ. ಸಭೆ ನಕ್ಕಿತು.

ಮುತ್ತಕ್ಕ ಮೈಕನ್ನು ಅವರ ಕೈಗೇ ಕೊಟ್ಟರು. ಶಾಲನ್ನು ತೆಗೆದು, ಸುತ್ತಿ ಸಿಂಬೆ ಮಾಡಿ ತಲೆಗೆ ಇಟ್ಟರು. ಬಗ್ಗಿ ಒಂದು ಹೊರೆ ಎತ್ತಿಕೊಂಡರು. ಮೆಟ್ಟಿಲಿಳಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ಒಂದೇ ನಡಿಗೆಯಲ್ಲಿ ಬಾಗಿಲಿನವರೆಗೆ ನಡೆದು ಹೊರಗೆ ಹೋದರು. ಇದೂ ಕಾರ್ಯಕ್ರಮದ ಭಾಗವೇ ಎಂದು ತಿಳಿದು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇಂದಿಗೂ ಆ ವಿಡಿಯೋ 'ನಮ್ಮ ಸಂಸ್ಕೃತಿ' ಎಂಬ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ಹೊರೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಅದು ರಸ್ತೆ ದಾಟಿ ತಬೇಲೆಗೆ ಹೋಯಿತು, ಎಮ್ಮೆಗಳು ತಿಂದವು.

ಮುಂದಿನ ಮೇ ತಿಂಗಳಲ್ಲಿ ತಗ್ಗಿನ ಸುತ್ತ ನೀಲಿ ತಗಡು ಎದ್ದಿತು. ಕಾರ್ಖಾನೆಯ ಜಾಗ ಬಿಲ್ಡರಿಗೆ ಹೋಗಿತ್ತು, ಕದಿರಿಗೂ ದೇವರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಮುತ್ತಕ್ಕ ತಗಡಿನ ಸಂದಿಯಲ್ಲಿ ನುಗ್ಗಿ ಅಗೆ ಹಾಕಿದರು. ನಾಟಿಗೆ ಮೊದಲೇ ಜ್ವರ ಹಿಡಿದು ಮಲಗಿದರು. ಸುಳ್ಳು ಹೇಳಬಾರದು: ಅವರನ್ನು ಪರೇಲಿನ ಆಸ್ಪತ್ರೆಗೆ ತಮ್ಮ ಕಾರಿನಲ್ಲಿ ಒಯ್ದವರು ಸುಧಾಕರಣ್ಣನೇ. ಇಡೀ ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಮಾತ್ರ ಬರಲಿಲ್ಲ.

ಒಳಗೆ ನಾನಿದ್ದೆ. ಅಷ್ಟು ಜನರಿರುವಾಗ ಸುಧಾಕರಣ್ಣ ಒಬ್ಬರ ಹೊರೆಗೆ ಯಾಕೆ ಅಷ್ಟು ಹಟ ಹಿಡಿದಿರಿ ಎಂದು ಕೇಳಿದೆ. ಆಸ್ಪತ್ರೆಯಲ್ಲೂ ವಾದ ಮಾಡುವ ಹೆಣ್ಣು ನೀನೊಬ್ಬಳೇ ಎಂದರು. ಆಮೇಲೆ ಹೇಳಿದರು:

"ಅವ್ನ್ ಅಬ್ಬಿ, ನಾನ್, ಒಟ್ಟಿಗೆ ಹೊತ್ತವ್ರ್. ಒಂದೇ ದಾರಿ, ಒಂದೇ ಒಡೆಯರ ಅಂಗಳ. ಈ ಸುಧಾಕರ ಹಿಂದಿಂದ ಬಿದ್ದ ಹುಲ್ಲ್ ಹೆಕ್ಕಂತ ಬತ್ತಿದ್ದ."

ಇದನ್ನು ಆ ಮೀಟಿಂಗಿನಲ್ಲಿ ಒಂದು ಮಾತು ಹೇಳಿದ್ದರೆ ಅವರು ಅಲ್ಲೇ ಸೋಲುತ್ತಿದ್ದರಲ್ಲ ಎಂದೆ. ಮುತ್ತಕ್ಕ ತಲೆ ಅಲ್ಲಾಡಿಸಿದರು.

"ಹೇಳಿರೆ ಅವ್ನ್ ಹೊರುದಲ್ಲ ಹೆಣೆ, ನಾನ್ ಹೊರ್ಸುದ್ ಆತ್ತ್."

ಅದೇ ನಮ್ಮ ಕೊನೆಯ ಮಾತು. ಅವರು ಹಾಕಿದ ಅಗೆ ತಗಡಿನೊಳಗೆ ನಾಟಿಯಾಗದೆ ಒತ್ತೊತ್ತಾಗಿ ಬೆಳೆದು ಹಳದಿಯಾಯಿತು. ಈ ಅಕ್ಟೋಬರಿನಲ್ಲಿ ಗಲ್ಲಿಯಲ್ಲಿ ಬೈಕುಗಳಿಗೆ ಅಡ್ಡಿ ಮಾಡುವವರು ಯಾರೂ ಇಲ್ಲ.

ಶ್ರದ್ಧಾಂಜಲಿ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಸುಧಾಕರಣ್ಣ ಒಬ್ಬರೇ ಸಿಕ್ಕಿದರು. ನೀನು ಯಾಕೆ ಮಾತಾಡಲಿಲ್ಲ, ನೀನು ಚೆನ್ನಾಗಿ ಮಾತಾಡುತ್ತಿ ಎಂದರು. ಮುತ್ತಕ್ಕ ಮೀಟಿಂಗಿನಲ್ಲಿ ಆಡದೆ ಉಳಿಸಿಟ್ಟ ಮಾತನ್ನು ನಾನು ಉಳಿಸಲಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಅವರು ಕಾರಿನ ಬಾಗಿಲು ತೆರೆದು ನಿಂತಿದ್ದರು, ನಾನು ಕೇಳಿದೆ:

"ಸುಧಾಕರಣ್ಣ, ಆ ಮೀಟಿಂಗಲ್ಲಿ ನೀವು ಹೆದರಿದ್ದು ಬೆಂಕಿಗಾ, ನಿಮ್ಮಮ್ಮನ ಹೊರೆಗಾ?"