ಕನ್ನಡಕದಂಗಡಿ ಲೋಹಿತಾಳ ಪಿನ್
ಮಧುಗಿರಿಯ ಕನ್ನಡಕದಂಗಡಿ ಲೋಹಿತಾ ಮಧ್ಯಾಹ್ನ ಅರ್ಧ ಷಟರ್ ಎಳೆದಳೆಂದರೆ, ತನ್ನ ಬಿಟ್‌ಕಾಯಿನ್ ಕಾಯುವ ಬೆರಳುದ್ದದ ಯಂತ್ರವನ್ನು ಕಂಪ್ಯೂಟರಿಗೆ ಸಿಕ್ಕಿಸುತ್ತಿದ್ದಾಳೆ ಎಂದೇ ಅರ್ಥ. ಗಾಜುಗಳಿಂದ ಚಿಮ್ಮಿದ ಬೆಳಕು ಗೋಡೆಯ ಮೇಲೆ ಮೀನಿನಂತೆ ಈಜುತ್ತಿರುತ್ತದೆ. ಅವಳು ಪಿನ್ ಒತ್ತುವಾಗ ಅಲ್ಲಿನ ಹಲ್ಲಿಗೂ ಬೆನ್ನು ತಿರುಗಿಸುತ್ತಾಳೆ. ಕಂಪ್ಯೂಟರಿನಲ್ಲಿ ಕಂಡ ಬಿಟ್‌ಕಾಯಿನ್ ವಿಳಾಸದ ಅಕ್ಷರಗಳನ್ನು ಯಂತ್ರದ ಪುಟ್ಟ ಪರದೆಯೊಡನೆ ಒಂದೊಂದಾಗಿ ತಾಳೆ ನೋಡಿಯೇ ಮುಂದುವರಿಯುತ್ತಾಳೆ. "ಕಂಪನಿಯಿಂದ ಮಾತಾಡ್ತಿದೀನಿ, ನಿಮ್ಮ ಇಪ್ಪತ್ನಾಲ್ಕು ಪದ ಹೇಳಿ ಮೇಡಂ" ಎಂದವನಿಗೆ, "ಕಟ್ಕೊಂಡ ಗಂಡಂಗೇ ಹೇಳಿಲ್ಲ, ಮಡಗಪ್ಪ ಫೋನು" ಎಂದವಳು. ಯಂತ್ರ ಕೈಕೊಟ್ಟರೆ ಎಲ್ಲವನ್ನೂ ಮರಳಿ ತರುವುದು ಆ ಪದಗಳೇ. ತಂಗಿ ಮಂಜುಶ್ರೀಯ ಜೊತೆ ಸೇರಿ ಯಂತ್ರವನ್ನು ಕೊಂಡಾಗ, ಹನ್ನೆರಡು ಪದ ತಾನಿಟ್ಟುಕೊಂಡು ಉಳಿದ ಹನ್ನೆರಡನ್ನು ಅವಳೊಡನೆ ಅವಳೂರು ಕಳ್ಳಂಬೆಳ್ಳಕ್ಕೆ ಕಳಿಸಿದ್ದಳು. ಅಕ್ಕತಂಗಿಯರ ಮಾತು ನಿಂತು ಈಗ ಮೂರು ವರ್ಷ. ಮೊನ್ನೆ ಯಾವುದೋ ಗುಂಗಿನಲ್ಲಿ ಪಿನ್ ಎರಡು ಸಲ ತಪ್ಪಿತು. ಮೂರನೆಯ ಸಲವೂ ತಪ್ಪಿದರೆ ಯಂತ್ರ ತನ್ನೊಳಗಿನದನ್ನೆಲ್ಲ ಅಳಿಸಿಬಿಡುತ್ತದೆ. ಅಷ್ಟರಲ್ಲಿ ಸರಿಯಾದ ಪಿನ್ ನೆನಪಾಯಿತು. ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ನಿಂತಿತು. ಕೊನೆಗೆ ಲೋಹಿತಾ ಬೇಕೆಂದೇ ತಪ್ಪು ಪಿನ್ ಒತ್ತಿ, ಫೋನು ಕೈಗೆತ್ತಿಕೊಂಡಳು. "ಮಂಜೂ, ಎಲ್ಲ ಅಳಿಸೋಯ್ತು ಕಣೆ. ನಿನ್ನ ಹನ್ನೆರಡು ಪದ ಬೇಕು." ಆ ಕಡೆಯಿಂದ ಮಂಜುಶ್ರೀ, "ಅದನ್ನೆಲ್ಲ ಫೋನಲ್ಲಿ ಹೇಳ್ಬಾರ್ದು ಕಣಕ್ಕ. ನಾನೇ ಬತ್ತೀನಿ, ಅಡುಗೆ ಮಾಡಿರು" ಅಂದಳು.