ದಾಕ್ಷಾಯಿಣಿಯ ಲ್ಯಾಪ್‌ಟಾಪಿಗೆ ಬಾಯಿ ಕಟ್ಟಿದ್ದು

ಹೊಳಲ್ಕೆರೆಯ ರೈತರ ಸಹಕಾರ ಸಂಘದ ಕಚೇರಿಯಲ್ಲಿ ಪತ್ರ ಬರೆಯುವ ಮೇಜು ಕಿಟಕಿಯ ಪಕ್ಕಕ್ಕಿದೆ. ಅಲ್ಲಿ ಕೂರುವವಳು ದಾಕ್ಷಾಯಿಣಿ. ಕಣ್ಣು ಕಾಣದವಳಿಗೆ ಕಿಟಕಿ ಯಾಕೆ ಎಂದು ಕೇಳಿದವರುಂಟು. ಕಣ್ಣಿದ್ದವರು ಮಾತ್ರ ಉಸಿರಾಡುತ್ತಾರೇನು ಎಂದು ಅವಳು ತಿರುಗಿ ಕೇಳಿದ ಮೇಲೆ ಎರಡನೇ ಸಲ ಕೇಳಿದವರಿಲ್ಲ. ಅವಳ ಬಾಯಿಗೆ ಸಿಕ್ಕಿ ಗೆದ್ದುಹೋದವರು ಆ ತಾಲ್ಲೂಕಿನಲ್ಲಿ ಕಡಿಮೆ.

ಹುಟ್ಟಿದ್ದು ತಾಳ್ಯದಲ್ಲಿ. ಶಾಲೆಗೆ ಸೇರಿದ ಹೊಸದರಲ್ಲೇ ಜ್ವರ ಬಂದು ಎರಡೂ ಕಣ್ಣು ಹೋದವು. ಊರಿಗೆ ಊರೇ ಪಾಪ ಅಂದಿತು. ಅವಳ ತಾಯಿ ಸರ್ವಮಂಗಳಮ್ಮ ಮಾತ್ರ ಪಾಪ ಅನ್ನಲಿಲ್ಲ. ಮಗಳ ಮುಂದೆ ಅಕ್ಕಿಯ ಮೊರ ಇಟ್ಟು ಕಲ್ಲು ಆರಿಸು ಅಂದಳು. ಪಾಪ ಅನ್ನುತ್ತ ಮನೆಗೆ ಬಂದವರಿಗೂ ಒಂದೊಂದು ಮೊರ ಕೊಟ್ಟು ಕೂರಿಸಿದಳಂತೆ. ಹಾಗೆ ಬೆಳೆದ ಹುಡುಗಿ ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ, ಸಂಘದಲ್ಲಿ ಗುಮಾಸ್ತಿ ಕೆಲಸ ಹಿಡಿದಳು.

ಕೆಲಸವೇನೋ ಸಿಕ್ಕಿತು, ಕೂರಿಸಿದ್ದು ಮಾತ್ರ ಟೆಲಿಫೋನಿನ ಮುಂದೆ. ಕುರುಡರು ಬಂದರೆ ಫೋನಿನ ಹತ್ತಿರ ಕೂರಿಸಿ ಕೈ ತೊಳೆದುಕೊಳ್ಳುವುದು ಆಫೀಸುಗಳ ಹಳೆಯ ರೂಢಿ. ಊರಿನವರ ಜೇಬಿಗೆಲ್ಲ ಮೊಬೈಲು ಬಂದು ಎಷ್ಟೋ ಕಾಲವಾಗಿತ್ತು, ಆ ಫೋನಿಗೆ ಕರೆ ಮಾಡುವ ಪುಣ್ಯಾತ್ಮರು ಯಾರಿದ್ದರು? ಬೆಳಿಗ್ಗೆಯಿಂದ ಸಂಜೆವರೆಗೆ ಮಂಡಿಯ ಮೇಲೆ ಕೈಯಿಟ್ಟು ಕೂತು ಕೂತು ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒಂದು ದಿನ ಕಾರ್ಯದರ್ಶಿ ಜಂಬಣ್ಣನವರ ಎದುರು ನಿಂತು ಹೇಳಿಯೇಬಿಟ್ಟಳು.

"ಈ ಫೋನು ಸತ್ತು ವರ್ಷಗಟ್ಲೆ ಆಗೈತೆ ಸಾರ್. ನಾನೇನು ಹೆಣ ಕಾಯಕ್ಕೆ ಬಂದಿದೀನಾ?"

ಜಂಬಣ್ಣ ಕೆಟ್ಟವರಲ್ಲ. ದಿನಾ ಲಿಂಗಪೂಜೆ ಮಾಡಿ ಹಣೆತುಂಬ ವಿಭೂತಿ ಇಟ್ಟುಕೊಂಡು ಬರುವ ಮನುಷ್ಯ. ಇರುವೆ ತುಳಿದರೂ ಶಿವಶಿವಾ ಅನ್ನುವವರು. ಅವರಿಗೆ ಇದ್ದ ರೋಗ ಒಂದೇ, ಕನಿಕರ. ನಿಮಗ್ಯಾಕಮ್ಮ ತೊಂದರೆ, ಸಂಬಳ ಬರ್ತೈತಲ್ಲ ಎಂದು ಸಮಾಧಾನ ಹೇಳಿದರು. ಅವಳಿಗೆ ಸಮಾಧಾನ ಬೇಕಿರಲಿಲ್ಲ. ರಜೆ ಹಾಕಿ ದುರ್ಗಕ್ಕೆ ಓಡಾಡಿ, ಕಂಪ್ಯೂಟರ್ ಕಲಿತು ಬಂದಳು. ಪರದೆಯ ಮೇಲಿನ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವಿದೆ. ಕೀ ಒತ್ತಿದರೆ ಒತ್ತಿದ ಅಕ್ಷರ, ಸಾಲು ಮುಗಿಸಿದರೆ ಆ ಸಾಲು. ಏರಿಲ್ಲ ಇಳಿತವಿಲ್ಲ, ಮದುವೆ ಕರೆಯೋಲೆಯನ್ನೂ ಸಾವಿನ ಸುದ್ದಿಯನ್ನೂ ಒಂದೇ ದನಿಯಲ್ಲಿ ಓದುವ ಆ ಗಂಡಸಿನ ಸ್ವರಕ್ಕೆ ಅವಳು ಶಾನುಭೋಗ ಎಂದು ಹೆಸರಿಟ್ಟಳು. ಶಾನುಭೋಗನನ್ನು ಲ್ಯಾಪ್‌ಟಾಪಿನಲ್ಲಿ ಕೂರಿಸಿಕೊಂಡು ಬಂದು ಪತ್ರದ ಮೇಜು ಕೇಳಿದಳು. ಅಧ್ಯಕ್ಷರು ಮೂಡಲಗಿರಿಯಪ್ಪ, ಮಾತು ಕಡಿಮೆಯ ಹಳೇ ರೈತ, ಬರೆದು ತೋರಿಸು ಅಂದರು. ಬರೆದು ತೋರಿಸಿದಳು. ಮೇಜು ಸಿಕ್ಕಿತು.

ಆಮೇಲೆ ಅವಳ ಪತ್ರಗಳಿಗೆ ಹೆಸರೇ ಬಂತು. ಮೊಳೆಯದ ಮೆಕ್ಕೆಜೋಳದ ಬೀಜ ಕೊಟ್ಟ ಕಂಪನಿಯವರು ರೈತರನ್ನು ಅಲೆದಾಡಿಸಿದಾಗ ಅವಳು ಬರೆದ ಪತ್ರ ಎಷ್ಟು ಖಾರವಾಗಿತ್ತೆಂದರೆ, ಬೇರೆ ಬೀಜದ ಚೀಲಗಳು ಲಾರಿ ಹತ್ತಿ ಸಂಘದ ಬಾಗಿಲಿಗೇ ಬಂದವು. ಅಂದಿನಿಂದ ರೈತರು ಒಳಗೆ ಬರುತ್ತಲೇ ದಾಕ್ಷಾಯಿಣಮ್ಮ ಅದಾರಾ ಎಂದು ಕೇಳುವುದು ವಾಡಿಕೆಯಾಯಿತು. ಆ ಮೇಜು ಅವಳಿಗೆ ಬರೀ ಮರದ ಹಲಗೆಯಾಗಿರಲಿಲ್ಲ. ತಾನೂ ಒಬ್ಬಳು ಬೇಕಾದವಳು ಅನ್ನುವುದಕ್ಕೆ ಇದ್ದ ಜಾಗ ಅದು.

ಇಂಥ ಮೇಜಿಗೆ ಕುತ್ತು ಬಂದದ್ದು ಈ ಸಲದ ದಸರಾ ಕಳೆದ ಮೇಲೆ.

ಶಾನುಭೋಗ ಇದ್ದಕ್ಕಿದ್ದಂತೆ ಬಾಯಿ ಮುಚ್ಚಲಾರಂಭಿಸಿದ. ಅರ್ಧ ಸಾಲು ಓದುತ್ತಾನೆ, ನಿಲ್ಲುತ್ತಾನೆ. ಅವಳು ಕಾಯುತ್ತಾಳೆ. ಚಾರ್ಜರ್ ಕಿತ್ತು ಹಾಕುತ್ತಾಳೆ, ಯಂತ್ರ ಆರಿಸಿ ಹೊತ್ತಿಸುತ್ತಾಳೆ. ಒಮ್ಮೆ ಏನೂ ಮಾಡದೆಯೇ ತಾನಾಗಿ ಮಾತು ಬರುತ್ತದೆ, ಒಮ್ಮೆ ಏನು ಮಾಡಿದರೂ ಬರುವುದಿಲ್ಲ. ಪೂರ್ತಿ ಕೆಟ್ಟಿದ್ದರೆ ಕೆಟ್ಟಿತು ಅನ್ನಬಹುದಿತ್ತು. ಈ ಬಂದುಹೋಗುವ ಕಾಟವಿದೆಯಲ್ಲ, ಅದನ್ನು ಯಾರಿಗೂ ತೋರಿಸಲಿಕ್ಕೆ ಆಗುವುದಿಲ್ಲ. ಅವಳು ಕರೆದು ತೋರಿಸುವ ಹೊತ್ತಿಗೆ ಶಾನುಭೋಗ ಹರಳು ಹುರಿದಂತೆ ಓದುತ್ತಿರುತ್ತಿದ್ದ. ಪಕ್ಕದ ಮೇಜಿನ ಗಿರೀಶ್, ಲೆಕ್ಕ ನೋಡುವವನು, ಒಂದು ದಿನ ನಕ್ಕು, ಕುಣಿಯಕ್ಕೆ ಬರದಿದ್ದೋಳು ನೆಲ ಡೊಂಕು ಅಂದ್ಲಂತೆ ಎಂದ. ನೆಲ ನಿಜವಾಗಲೂ ಡೊಂಕಿದೆ, ಬೇಕಾದರೆ ಬಂದು ಕುಣಿ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಬಾಯಿ ಮುಚ್ಚಿಸಿದಳೇ ಹೊರತು ಎದೆಯಲ್ಲಿ ಹೆದರಿಕೆ ಹೊಕ್ಕಿತ್ತು. ತನಗೇ ಕಿವಿ ಮಂದವಾಗುತ್ತಿದೆಯೋ ಏನೋ ಎಂದು ದಾರಿಯಲ್ಲಿ ಬಸ್ಸಿನ ಹಾರ್ನನ್ನೆಲ್ಲ ಕಿವಿಗೊಟ್ಟು ಪರೀಕ್ಷೆ ಮಾಡಿಕೊಂಡಳು.

ದುರ್ಗದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ದುರ್ಗೇಶನ ಹತ್ತಿರ ಹೊತ್ತುಕೊಂಡು ಹೋದಳು. ತಗಡಿನ ಸೂರಿನ ಕೆಳಗೆ ಧಗಧಗ ಅನ್ನುವ ಅವನ ಅಂಗಡಿಯಲ್ಲಿ ಯಂತ್ರ ಒಂದು ಸಲವೂ ಸುಮ್ಮನಾಗಲಿಲ್ಲ. ಅವನು ಒಂದು ಹಾಡು ಹಾಕಿ, ಕೇಳಿಸ್ತೈತಲ್ಲ ಮೇಡಂ ಎಂದು ವಾಪಸ್ಸು ಕೊಟ್ಟ. ಹೊಳಲ್ಕೆರೆಗೆ ಬಂದ ಮರುದಿನ ಮತ್ತೆ ಅದೇ ಕತೆ. ಎರಡನೇ ಸಲ ಹೋದಾಗ ದುರ್ಗೇಶ್ ಯಂತ್ರದ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಸಿಬಿಟ್ಟ. ಶಾನುಭೋಗನೇ ಮಾಯ! ಬಡ್ಡೀಮಗ, ಕೇಳದೆ ಯಾಕೆ ಅಳಿಸಿದೆ ಎಂದು ಅಂಗಡಿಯಲ್ಲೇ ನಿಂತು ಬೈದಳು. ಬೈದ ಮೇಲೆ ಅವನ ಕೈಯಿಂದಲೇ ಶಾನುಭೋಗನನ್ನು ಮತ್ತೆ ಹಾಕಿಸಿಕೊಂಡಳು. ದನಿ ಹೋಗುವುದು ಮಾತ್ರ ಹೋಗಲಿಲ್ಲ.

ಆಗಲೇ ಆದದ್ದು ಹೊಸದುರ್ಗದ ಪತ್ರದ ಅವಾಂತರ. ಅಲ್ಲಿನ ಸಂಘಕ್ಕೆ ಗೊಬ್ಬರದ ವಿಷಯ ಬರೆಯುತ್ತಿದ್ದಾಗ ದನಿ ನಿಂತಿತು. ಅವಳು ಹಠದಲ್ಲಿ ಕೈ ನಿಲ್ಲಿಸಲಿಲ್ಲ, ಬೆರಳಿನ ನಂಬಿಕೆಯ ಮೇಲೆ ಟೈಪು ಮಾಡುತ್ತಲೇ ಹೋದಳು. ಕರ್ಸರು ಎಲ್ಲಿಗೋ ಜಾರಿ ಕೊನೆಯ ಪ್ಯಾರಾ ಪೂರ್ತಿ ವಿಳಾಸದ ನಡುವೆ ಹೋಗಿ ಕೂತಿತು. ಅದು ಹಾಗೆಯೇ ಅಂಚೆಗೆ ಹೋಯಿತು. ಹೊಸದುರ್ಗದವರು ಜಂಬಣ್ಣನವರಿಗೆ ಫೋನು ಮಾಡಿ ನಕ್ಕರಂತೆ.

ಜಂಬಣ್ಣ ಅವಳ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತರು. ದನಿಯಲ್ಲಿ ಬೆಣ್ಣೆಯಂಥ ಕನಿಕರ.

"ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ ತಾಯಿ. ಸೋಮವಾರ ಕಮಿಟಿ ಐತೆ. ಪತ್ರದ ಕೆಲ್ಸ ಗಿರೀಶಗೆ ಕೊಡಾಣ. ನೀವು ಫೋನಿನ ಹತ್ರ ಆರಾಮಾಗಿ ಕುಂತ್ಕಳ್ರಿ."

ಅವಳು ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು.

ಭಾನುವಾರ ಮುಗಿಲು ಮುಚ್ಚಿ ಜಿಟಿಜಿಟಿ ಹನಿಯುತ್ತಿತ್ತು. ಸರ್ವಮಂಗಳಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ದಾಕ್ಷಾಯಿಣಿ ಎದುರಿಗೆ ಲ್ಯಾಪ್‌ಟಾಪು ಇಟ್ಟುಕೊಂಡು, ಇವತ್ತು ನಾನೋ ನೀನೋ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತಂಪು ಹವೆಗೆ ಶಾನುಭೋಗ ಬೇಗನೇ ಬಾಯಿ ಮುಚ್ಚಿದ. ಮುಚ್ಚಳ ಅಲ್ಲಾಡಿಸಿದಳು, ದನಿಯ ಕೀ ಒತ್ತಿದಳು, ಬುಡ ತಟ್ಟಿದಳು. ಏನೂ ಇಲ್ಲ. ಕೊನೆಗೆ ಮೊಬೈಲಿನ ಹಳೇ ಇಯರ್‌ಫೋನು ತಂದು ಪಕ್ಕದ ತೂತಿಗೆ ಚುಚ್ಚಿದಳು. ಇಯರ್‌ಫೋನು ಅವಳಿಗೆ ಆಗದು; ಆಫೀಸಿನಲ್ಲಿ ಯಾರು ಬಂದರು ಯಾರು ಹೋದರು ಎಂದು ತಿಳಿಯುವುದೇ ಕಿವಿಯಿಂದ, ಅದನ್ನೂ ಮುಚ್ಚಿಕೊಂಡರೆ ಗೋಡೆಗೆ ಮುಖ ಮಾಡಿ ಕೂತ ಹಾಗೆ. ಅದಕ್ಕೇ ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಈಗ ಕಿವಿಗೆ ಇಟ್ಟುಕೊಂಡರೆ, ಅಯ್ಯೋ ಇವನ ಮನೆ ಹಾಳಾಗ, ಶಾನುಭೋಗ ಒಂದಕ್ಷರ ಬಿಡದೆ ಓದುತ್ತಾ ಕೂತಿದ್ದಾನೆ!

ಕಿತ್ತಳು, ಮೌನ. ಚುಚ್ಚಿದಳು, ಮಾತು. ಹಾಗಾದರೆ ದನಿ ಹೋಗಿರಲೇ ಇಲ್ಲ. ತೂತಿನಲ್ಲಿ ಇಯರ್‌ಫೋನು ಇದೆ ಎಂದು ನಂಬಿಕೊಂಡು ಯಂತ್ರ ಇಲ್ಲದ ಕಿವಿಗೆ ಪಿಸುಗುಟ್ಟುತ್ತಿತ್ತು. ಏನೂ ಇಲ್ಲದ ಕಡೆ ಅದಕ್ಕೆ ಇದೆ ಅನ್ನಿಸಬೇಕಾದರೆ ಅಲ್ಲಿ ಏನೋ ಸೇರಿಕೊಂಡಿರಲೇಬೇಕು. ಯಂತ್ರ ಆರಿಸಿ, ಕಡ್ಡಿಪೊರಕೆಯ ಒಂದು ಸಣ್ಣ ಕಡ್ಡಿಗೆ ಹತ್ತಿ ಸುತ್ತಿ ಮೆಲ್ಲಗೆ ಒಳಗೆ ತಿರುಗಿಸಿದಳು. ಹತ್ತಿಗೆ ಹಸಿಹಸಿ ಏನೋ ಮೆತ್ತಿಕೊಂಡು ಬಂತು. ಮೂಗಿಗೆ ಹಿಡಿದರೆ ದೇವರ ಮನೆಯ ವಾಸನೆ.

ಸರ್ವಮಂಗಳಮ್ಮ ಕಡ್ಡಿ ಇಸಿದುಕೊಂಡು ನೋಡಿದಳು. "ಕುಂಕುಮ ಕಣೇ ಇದು. ಗಂಧದಾಗೆ ಕಲೆಸಿ ಹಚ್ಚಿದಾರೆ."

ಆಯುಧಪೂಜೆ! ಆವತ್ತು ಕಚೇರಿಯ ತಕ್ಕಡಿಯಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲದಕ್ಕೂ ಗಂಧ ಕುಂಕುಮ ಹಚ್ಚಿದವರು ಸ್ವತಃ ಜಂಬಣ್ಣ. ನಿಮ್ಮ ಯಂತ್ರಕ್ಕೆ ನಾನೇ ಹಚ್ತೀನಿ ತಾಯಿ ಎಂದು ಭಕ್ತಿಯಿಂದ ನಾಲ್ಕೂ ಬದಿಗೆ ಹೆಬ್ಬೆರಳು ಒತ್ತಿ ಹಚ್ಚಿದ್ದರು. ಮುಗಿಲು ಮುಚ್ಚಿದಾಗ ಅದು ತೇವ ಎಳೆದುಕೊಂಡು ಕಾಟ ಕೊಡುತ್ತಿತ್ತು. ದುರ್ಗೇಶನ ತಗಡಿನ ಅಂಗಡಿಯ ಕಾವಿಗೆ ಒಣಗಿ ತೆಪ್ಪಗಿರುತ್ತಿತ್ತು. ಹತ್ತಿ ಬಿಳಿಯಾಗಿಯೇ ಹೊರಗೆ ಬರುವವರೆಗೆ ಅವಳು ಒರೆಸಿದಳು. ಚೆನ್ನಾಗಿ ಒಣಗಲು ಬಿಟ್ಟು ಹೊತ್ತಿಸಿದಾಗ ಶಾನುಭೋಗ ಮನೆಯೆಲ್ಲ ಕೇಳುವ ಹಾಗೆ ಓದಲಾರಂಭಿಸಿದ. ಹೊರಗೆ ಹನಿ ಬೀಳುತ್ತಲೇ ಇತ್ತು, ಅವನು ನಿಲ್ಲಲಿಲ್ಲ.

ಸರ್ವಮಂಗಳಮ್ಮನಿಗೆ ಕೋಪ ನೆತ್ತಿಗೇರಿತ್ತು. ನಾಳೆ ಹೋದ ತಕ್ಷಣ ಆ ಕಡ್ಡಿಯನ್ನು ಜಂಬಣ್ಣನ ಮೂಗಿನ ಮುಂದೆ ಹಿಡಿ ಅಂದಳು. ದಾಕ್ಷಾಯಿಣಿಗೂ ಮೊದಲು ಹಾಗೇ ಅನ್ನಿಸಿತು. ಆದರೆ ತಾಯಿಯ ಜೊತೆ ಅವರೆಕಾಯಿ ಸುಲಿಯಲು ಕೂತವಳಿಗೆ ಬೇರೆಯೇ ಯೋಚನೆ ಹತ್ತಿತು. ಕಡ್ಡಿ ತೋರಿಸಿದರೆ ಎಲ್ಲರೂ ನಗುತ್ತಾರೆ. ಸರಿಹೋಯ್ತಲ್ಲ ಬಿಡಮ್ಮ ಅನ್ನುತ್ತಾರೆ. ಮೇಜು ಉಳಿಯುತ್ತದೆ, ಮುಂದಿನ ಸಲ ಏನಾದರೂ ಕೆಡುವವರೆಗೆ. ಕೆಡದ ಯಂತ್ರ ಯಾವುದಿದೆ? ಕೆಟ್ಟಾಗಲೆಲ್ಲ ತಾನು ಆ ಸತ್ತ ಫೋನನ್ನು ನೆನೆದು ನಡುಗಬೇಕೇ? ಅಷ್ಟು ಸುಲಭದಲ್ಲಿ ಗೆಲ್ಲುವುದು ತನಗೆ ಬೇಡವೆಂದು ತೀರ್ಮಾನಿಸಿದಳು. ತಾಯಿಗೆ ಸುಮ್ಮನಿರು ಅಂದಳು.

ಸೋಮವಾರ ಕಮಿಟಿ ಕೂತಿತು. ಜಂಬಣ್ಣ ವಿಷಯ ಎತ್ತಿ, ಹೊಸದುರ್ಗದ ಪತ್ರದ ಕತೆ ಹೇಳಿ, ಪಾಪ ಆಯಮ್ಮಂದೇನೂ ತಪ್ಪಿಲ್ಲ, ಯಂತ್ರಕ್ಕೆ ದನಿ ಇಲ್ಲ, ಏನು ಮಾಡಾದು ಅಂದರು. ಅವಳನ್ನು ಕರೆಸಿದರು. ಮುಚ್ಚಿದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದು ನಿಂತಳು. ಕೂರಲು ಹೇಳಿದರೂ ಕೂರಲಿಲ್ಲ.

"ಹೊಸದುರ್ಗದ ಪತ್ರದ ತಪ್ಪು ನಂದೇ. ಕೇಳಿಸ್ದೆ ಇದ್ದಾಗ ಕೈ ನಿಲ್ಲಿಸ್ಬೇಕಿತ್ತು, ನಿಲ್ಲಿಸ್ಲಿಲ್ಲ," ಅಂದಳು. "ಅದಕ್ಕೆ ಬೈಯ್ರಿ, ಬೈಸ್ಕಂತೀನಿ. ಆದ್ರೆ ಒಂದು ಮಾತು ಕೇಳ್ತೀನಿ. ಶ್ರಾವಣದಾಗೆ ಗಿರೀಶನ ಕಂಪ್ಯೂಟರ್ ಪರದೆ ಕಪ್ಪಾಗಿತ್ತಲ್ಲ. ಹೊಸದು ಬರಾವರ್ಗೂ ಅವ್ನು ಕಡ್ಲೆಕಾಯಿ ತಿನ್ಕಂಡು ಅದೇ ಕುರ್ಚಿಯಾಗೆ ಕುಂತಿದ್ದ. ಅವನ್ನ ಯಾಕೆ ಫೋನಿನ ಹತ್ರ ಕೂರಿಸ್ಲಿಲ್ಲ?"

ಮೂಲೆಯಲ್ಲಿದ್ದ ಗಿರೀಶನ ಕುರ್ಚಿ ಒಮ್ಮೆ ಕಿರ್ ಅಂದಿತು.

"ಅವನ ಪರದೆ ಕೆಟ್ರೆ ಪರದೆ ಬದಲಾಯಿಸಿದ್ರಿ. ನನ್ನ ದನಿ ಕೆಟ್ರೆ ನನ್ನೇ ಬದಲಾಯಿಸ್ತೀರಿ. ಇದ್ಯಾವ ನ್ಯಾಯ?"

ಜಂಬಣ್ಣ ಮೆಲ್ಲಗೆ, ಅದು ಬೇರೆ ಇದು ಬೇರೆ ತಾಯಿ ಅನ್ನಲು ಹೋದರು. ಹೇಗೆ ಬೇರೆ ಎಂದು ಅವಳು ಕೇಳಿದ್ದಕ್ಕೆ ಅವರು ಅಧ್ಯಕ್ಷರ ಕಡೆ ತಿರುಗಿದರು. ಮೂಡಲಗಿರಿಯಪ್ಪ ಗಂಟಲು ಸರಿ ಮಾಡಿಕೊಂಡರು.

"ನೆಗಡಿ ಬಂತು ಅಂತ ಮೂಗು ಕೊಯ್ಯಕ್ಕೆ ಹೊಂಟೀವಲ್ಲಪ್ಪ ನಾವು. ಬ್ಯಾಡ. ಮೇಜು ಆಯಮ್ಮಂದೇ. ಯಂತ್ರ ಕೆಟ್ರೆ ರಿಪೇರಿ ಮಾಡಿಸ್ರಿ, ಆಗ್ದಿದ್ರೆ ಬೇರೆ ತರ್ರಿ. ಹಂಗಂತ ನಡಾವಳಿಗೆ ಬರೀರಿ. ಆ ಫೋನನ್ನ ಗಿರೀಶನ ಮೇಜಿಗೆ ಇಡ್ರಿ."

ನಾನೇ ಬರೀತೀನಿ ಎಂದು ದಾಕ್ಷಾಯಿಣಿ ಆಗ ಕೂತಳು. ಲ್ಯಾಪ್‌ಟಾಪು ತೆರೆದು ಹೊತ್ತಿಸಿದಳು. ಶಾನುಭೋಗನ ದನಿ ಕೋಣೆ ತುಂಬಿತು. ಜಂಬಣ್ಣ ಬೆಚ್ಚಿಬಿದ್ದು, ಯಾವಾಗ ಸರಿಹೋಯಿತು ಎಂದು ಕೇಳಿದರು. ನಿನ್ನೆಯೇ ಎಂದು ಅವಳು ಹೇಳಿ, ತೂತಿನಲ್ಲಿದ್ದ ಕುಂಕುಮದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಕಮಿಟಿಯವರು ಬಿದ್ದುಬಿದ್ದು ನಕ್ಕರು. ಜಂಬಣ್ಣ ಮಾತ್ರ ನಗಲಿಲ್ಲ, ಶಿವಶಿವಾ ಎಂದು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. ಅವರ ದನಿಯಲ್ಲಿ ನೋವಿತ್ತು.

"ಸರಿ ಮಾಡ್ಕಂಡೇ ಬಂದಿದ್ರಲ್ಲ, ಮೊದ್ಲೇ ಅಂದಿದ್ರೆ ಮುಗೀತಿತ್ತು. ಇಷ್ಟೆಲ್ಲ ಯಾಕೆ ಜಗಳ ಆಡಿದ್ರಿ?"

"ಯಂತ್ರ ನಾಳೆ ಮತ್ತೆ ಕೆಡ್ತೈತೆ ಜಂಬಣ್ಣೋರೆ," ಅಂದಳು ಅವಳು, ಬೆರಳನ್ನು ಕೀಗಳ ಮೇಲೆ ಜೋಡಿಸಿಕೊಳ್ಳುತ್ತ. "ಕೆಟ್ಟ ದಿನ ನಾನು ಎಲ್ಲಿ ಕುಂತಿರ್ತೀನಿ ಅಂತ ಇವತ್ತೇ ಗೊತ್ತಾಗ್ಬೇಕಿತ್ತು."