ಆರನೇ ಕೊಠಡಿ, ಮೂರೂವರೆ ಗಂಟೆ

ಅನಸೂಯಮ್ಮನ ಮೇಜಿನ ಮೇಲೆ ಸಂಜೆ ಐದರ ಹೊತ್ತಿಗೆ ಒಂದು ಕಾಗದವೂ ಉಳಿಯುತ್ತಿರಲಿಲ್ಲ. ಬಂಗಾರಪೇಟೆಯ ಪುಟ್ಟ ಪದವಿ ಕಾಲೇಜೊಂದರಲ್ಲಿ ಆಕೆ ಗುಮಾಸ್ತೆ. ಬೆಳಿಗ್ಗೆ ಊರಿಗಾಂನಿಂದ ರೈಲಿನಲ್ಲಿ ಬಂದರೆ ಟಪಾಲು ಒಡೆಯುವುದು, ದಾಖಲಿಸುವುದು, ನೋಟಿಸ್ ಬೋರ್ಡಿಗೆ ಅಂಟಿಸುವುದು. ಸಂಜೆಯ ರೈಲಿಗೆ ವಾಪಸು. ಹಿಂದೊಮ್ಮೆ ಪರೀಕ್ಷಾ ಶುಲ್ಕದ ಸುತ್ತೋಲೆಯೊಂದು ಕಡತದೊಳಗೇ ಮಲಗಿಬಿಟ್ಟು, ಹನ್ನೊಂದು ಮಂದಿಗೆ ಪರೀಕ್ಷೆ ತಪ್ಪಿಹೋಗಿತ್ತು. ಅಂದಿನಿಂದ ಪ್ರಿನ್ಸಿಪಾಲರ ಕಟ್ಟಳೆ: ವಿಶ್ವವಿದ್ಯಾಲಯದ ಮುದ್ರೆ ಇರುವ ಕಾಗದ ಯಾವುದೇ ಇರಲಿ, ಬಂದ ದಿನವೇ ಬೋರ್ಡಿಗೆ ಹೋಗಬೇಕು. ಒಂಬತ್ತು ವರ್ಷದಲ್ಲಿ ಅನಸೂಯಮ್ಮ ಒಂದು ದಿನವೂ ಅದನ್ನು ಮುರಿದಿರಲಿಲ್ಲ. ಹುಡುಗರು ಕಿತ್ತುಕೊಂಡು ಹೋಗದಂತೆ ಕಾಗದದ ಹಿಂಬದಿಗೆಲ್ಲ ಮೈದಾ ಅಂಟು ಬಳಿದು, ಅಂಗೈಯಿಂದ ಒತ್ತುತ್ತಿದ್ದಳು.

೧೯೮೪ರ ಮಾರ್ಚಿನ ಒಂದು ಗುರುವಾರ ಬಂದ ಕಾಗದವನ್ನೂ ಹಾಗೆಯೇ ಒತ್ತಿದಳು.

ಅದರಲ್ಲಿದ್ದದ್ದು ಒಂದೇ ಹೆಸರು, ಅಂತಿಮ ಬಿ.ಎ. ಓದುತ್ತಿದ್ದ ನರಸಮ್ಮನದು. ದೃಷ್ಟಿಮಾಂದ್ಯದ ಕಾರಣ ಅವಳು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೂರಿಸಬಹುದು, ಮೂರು ಗಂಟೆಯ ಪರೀಕ್ಷೆಗೆ ಅರ್ಧ ಗಂಟೆ ಹೆಚ್ಚು ಕೊಡಬಹುದು ಎಂಬ ಅನುಮತಿ. ಕೆಳಗೆ ವೈದ್ಯರ ಪ್ರಮಾಣಪತ್ರದಿಂದ ಇಳಿಸಿದ ನಾಲ್ಕು ಸಾಲು: ಯಾವ ಕಣ್ಣು ಎಷ್ಟು ಹೋಗಿದೆ, ಇನ್ನು ಎಷ್ಟು ಹೋಗಬಹುದು.

ಆ ಅನುಮತಿಗೆ ಅರ್ಜಿ ಬರೆಸಿದ್ದವಳೂ ಅನಸೂಯಮ್ಮನೇ. ಡಿಸೆಂಬರಿನಲ್ಲಿ, ಎಲ್ಲರೂ ಹೋದಮೇಲೆ, ಆ ಹುಡುಗಿ ಆಫೀಸಿನ ಕಿಟಕಿಗೆ ಬಂದು ನಿಂತಿದ್ದಳು. "ಮೇಡಂ, ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆಯೋದು ನಂಗೆ ಕಾಣ್ಸಲ್ಲ. ಯಾರಿಗೂ ಏಳಿಲ್ಲ. ನಿಮಗೇ ಏಳ್ತಿರೋದು." ಅಲ್ಲಿಯವರೆಗೆ ಕಾಲೇಜು ಅವಳನ್ನು ಜಂಬದವಳು ಎಂದುಕೊಂಡಿತ್ತು. ರಸ್ತೆಯಲ್ಲಿ ಎದುರಾದರೂ ಮಾತಾಡಿಸುವುದಿಲ್ಲ ಎಂಬುದು ಗೆಳತಿಯರ ದೂರು. ಅವಳು ಜನರನ್ನು ಗುರುತು ಹಿಡಿಯುತ್ತಿದ್ದದ್ದು ದನಿಯಿಂದ.

ಶುಕ್ರವಾರ ನರಸಮ್ಮ ಬರಲಿಲ್ಲ. ಶನಿವಾರವೂ ಬರಲಿಲ್ಲ. ಅವಳು ಬರುವ ಕಾಮಸಮುದ್ರದ ಬಸ್ಸಿನಲ್ಲೇ ದಿನವೂ ಬರುತ್ತಿದ್ದ ಅಟೆಂಡರ್ ಜಯರಾಮಪ್ಪ ಗಂಟೆ ಬಾರಿಸಿ ಬಂದು ಬಾಗಿಲಲ್ಲಿ ನಿಂತ.

"ಗುರುವಾರ ಸಂಜೆ ಬಸ್ನಾಗೆ ಹುಡುಗ್ರು ಆ ಮಗೂನ ಅಳಿಸ್ಬಿಟ್ರು ಮೇಡಂ. ಮುಖದ ಮುಂದೆ ಕೈ ಹಿಡ್ಕಂಡು, 'ಇದೆಷ್ಟು ಬೆರಳು, ಏಳು ನೋಡಾಣ' ಅಂತ. ಕಾಮಸಮುದ್ರದ ಗಂಟ ಅದೇ ಆಟ. ನಾನು ಬೈದ್ರೆ ನಂಗೂ ನಾಲ್ಕು ಬೆರಳು ತೋರಿಸಿದ್ರು. ಪರೀಕ್ಸೆನೇ ಬ್ಯಾಡ ಅಂತವಳಂತೆ."

"ಅವರಿಗೆ ಹೇಗೆ ಗೊತ್ತಾಯ್ತು?"

ಜಯರಾಮಪ್ಪ ನೋಟಿಸ್ ಬೋರ್ಡಿನ ಕಡೆ ನೋಡಿದ.

ಅನಸೂಯಮ್ಮ ಒದ್ದೆ ಬಟ್ಟೆ, ಹಳೇ ಬ್ಲೇಡು ಹಿಡಿದು ಹೋದಳು. ಅವಳೇ ಒತ್ತಿದ್ದ ಕಾಗದ ಚೂರು ಚೂರಾಗಿ ಬಂತು. ಮುಕ್ಕಾಲು ಗಂಟೆ ಹಿಡಿಯಿತು.

ಆ ಸಂಜೆ ಊರಿಗಾಂನ ಮನೆಯಲ್ಲಿ ತಂದೆ ಮುನಿಸ್ವಾಮಪ್ಪನ ಎದುರು ಎಲ್ಲವನ್ನೂ ಹೇಳಿಕೊಂಡಳು. ಆತ ಚಿನ್ನದ ಗಣಿಯ ದೀಪದ ಕೋಣೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಕೆಳಗಿಳಿಯುವವನು ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ಕೊಡಬೇಕು, ತಲೆಗೆ ಕಟ್ಟುವ ದೀಪ ಪಡೆಯಬೇಕು.

"ಕಟ್ಟಳೆ ಪ್ರಕಾರ ಅಂಟಿಸಿದೆ ಅಪ್ಪಾ," ಎಂದಳು.

"ಅಂಟಿಸ್ದೆ, ಸರಿ." ಮುನಿಸ್ವಾಮಪ್ಪ ಕೆಮ್ಮು ನಿಲ್ಲಲು ಕಾದ. "ಪೆರುಮಾಳ್ ಅಂತ ಒಬ್ಬ ಬರೋನು. ಮಬ್ಬಾದ್ರೆ ಅವನಿಗೆ ಕಣ್ಣು ಸಾಲ್ದು. ಒಂದಿನ ಕಿಟಕಿ ಅತ್ರ ಬಗ್ಗಿ ನಂಗೊಬ್ನಿಗೇ ಅಂದ. ಅವತ್ತಿಂದ ಎಲ್ಲಾದ್ಕಿಂತ ಚೆನ್ನಾಗಿ ಉರಿಯೋ ದೀಪ ತೆಗೆದಿಟ್ಟು ಅವನಿಗೆ ಕೊಡ್ತಿದ್ದೆ. ಹಿಂದೆ ನಿಂತೋನಿಗೆ ಕಾಣ್ತಿದ್ದದ್ದು ಇಷ್ಟೇ: ಬಿಲ್ಲೆ ಕೊಟ್ಟ, ದೀಪ ತಗಂಡ. ಅವನಿಗೆ ಇನ್ನೇನು ಕಾಣ್ಬೇಕಮ್ಮಾ?"

ಭಾನುವಾರ ಅನಸೂಯಮ್ಮ ಕಾಮಸಮುದ್ರದ ಬಸ್ಸು ಹತ್ತಿದಳು. ಅಲ್ಲಿಂದ ಎರಡು ಮೈಲಿ ನಡಿಗೆ. ನರಸಮ್ಮನ ತಾಯಿ ಚಿಕ್ಕವೆಂಕಟಮ್ಮ ಬಾಗಿಲಲ್ಲೇ ತಡೆದಳು.

"ನೀವೇನಾ ಗೋಡೆಗೆ ಅಂಟಿಸ್ದೋರು?"

"ನಾನೇ."

ಬೇರೆ ಉತ್ತರ ನಿರೀಕ್ಷಿಸಿದ್ದ ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಕೊಟ್ಟಿಗೇಲವಳೆ. ಓಗಿ," ಎಂದಳು.

ನರಸಮ್ಮ ಹಾಲು ಕರೆಯುತ್ತಿದ್ದಳು. ಕಣ್ಣು ಮುಚ್ಚಿತ್ತು, ಆ ಕೆಲಸಕ್ಕೆ ಕಣ್ಣು ಬೇಕಿರಲಿಲ್ಲ. ಹೆಜ್ಜೆ ಸಪ್ಪಳಕ್ಕೇ, "ಬನ್ನಿ ಮೇಡಂ," ಎಂದಳು.

"ತಪ್ಪು ನನ್ನದು ನರಸಮ್ಮ. ಓದದೆ ಅಂಟಿಸಿದೆ ಅನ್ನಲ್ಲ. ಓದಿಯೇ ಅಂಟಿಸಿದೆ."

ಹಾಲಿನ ಸದ್ದು ನಿಂತಿತು, ಮತ್ತೆ ಶುರುವಾಯಿತು. "ಮೂರು ವರ್ಷ ಬಚ್ಚಿಟ್ಟಿದ್ದೆ. ಜಂಬದೋಳು ಅನ್ನಿಸ್ಕಂಡ್ರೂ ಪರವಾಗಿಲ್ಲ ಅಂತ."

"ಪರೀಕ್ಷೆಗೆ ಬಾ. ಯಾರಿಗೆ ಏನು ತಿಳಿಯಬೇಕು ಅನ್ನೋದನ್ನ ಈ ಸಲ ನೀನೇ ಹೇಳು."

ನರಸಮ್ಮ ಚೊಂಬು ಪಕ್ಕಕ್ಕಿಟ್ಟು ಯೋಚಿಸಿದಳು. "ಬರೆಯೋಳಿಗೆ ನಾನೇ ಏಳ್ತೀನಿ. ಮಿಕ್ಕೋರಿಗೆ ಯಾಕೆ ಬೇಕು?"

"ಬೇಡ," ಎಂದಳು ಅನಸೂಯಮ್ಮ. ಬಸ್ಸಿನುದ್ದಕ್ಕೂ ಅವಳು ಯೋಚಿಸಿದ್ದೂ ಅದನ್ನೇ.

ಸೋಮವಾರ ಪ್ರಿನ್ಸಿಪಾಲರ ಮುಂದೆ ನಿಂತು, ವಿಶ್ವವಿದ್ಯಾಲಯದ ಮುದ್ರೆಯಿದ್ದರೂ ಇಂಥ ಕಾಗದ ಇನ್ನು ಮುಂದೆ ಬೋರ್ಡಿಗೆ ಹೋಗುವುದಿಲ್ಲ, ಬೀರುವಿನೊಳಗೆ ಬೀಗದಲ್ಲಿರುತ್ತದೆ ಎಂದಳು. ಅವರು ಪೆನ್ನಿನ ಮುಚ್ಚಳ ತಿರುಗಿಸಿ ಮುಚ್ಚಿ, "ಕೀ ನಿಮ್ಮ ಹತ್ರಾನೇ ಇರಲಿ," ಎಂದರು.

ಪರೀಕ್ಷೆಯ ಮೊದಲ ದಿನ ಹೊರಗಿನಿಂದ ಬಂದಿದ್ದ ಮೇಲ್ವಿಚಾರಕರ ಕೈಗೆ ಹೋದದ್ದು ಒಂದು ಚೀಟಿ. ನೋಂದಣಿ ಸಂಖ್ಯೆ, ಆರನೇ ಕೊಠಡಿ, ಮೂರೂವರೆ ಗಂಟೆ, ಜೊತೆಗೊಬ್ಬ ಬರಹಗಾರ್ತಿ. ಅವರು ಚೀಟಿ ತಿರುಗಿಸಿ ನೋಡಿದರು. ಹಿಂದೆ ಖಾಲಿ.

"ಏನಮ್ಮಾ ಇವಳಿಗೆ ಕಾಯಿಲೆ?"

"ಆರನೇ ಕೊಠಡಿ, ಮೂರೂವರೆ ಗಂಟೆ ಸಾರ್. ಅನುಮತಿ ಪ್ರಿನ್ಸಿಪಾಲರು ನೋಡಿದ್ದಾರೆ."

"ಅಲ್ಲ, ಯಾಕೆ ಅಂತ?"

"ನಿಮಗೆ ಕೊಠಡಿ ತೆಗೆಸೋಕೆ ಇಷ್ಟು ಸಾಲದಾ ಸಾರ್?"

ಅವರು ಕೊಠಡಿ ತೆಗೆಸಿದರು. ಆದರೆ ಹತ್ತಕ್ಕೆ ಪರೀಕ್ಷೆ, ಒಂಬತ್ತೂಕಾಲಾದರೂ ನರಸಮ್ಮ ಇಲ್ಲ. ಅನಸೂಯಮ್ಮ ಗೇಟಿನವರೆಗೆ ಎರಡು ಸಲ ಹೋಗಿ ಬಂದಳು. ಒಂಬತ್ತೂವರೆಗೆ ಕಾಮಸಮುದ್ರದ ಬಸ್ಸು ನಿಂತಿತು. ಮೊದಲು ಇಳಿದವನು ಜಯರಾಮಪ್ಪ. ಅವನ ಹಿಂದೆ, ಮೆಟ್ಟಿಲನ್ನು ಕಾಲಲ್ಲಿ ತಡವಿ, ನರಸಮ್ಮ. ಬಸ್ಸಿನೊಳಗಿಂದ ಯಾರೋ ಏನೋ ಕೂಗಿದರು. ಅವಳು ಆ ದನಿಯ ಕಡೆ ತಿರುಗಿ, ಹೆಸರು ಹಿಡಿದೇ ಏನೋ ಅಂದಳು. ಬಸ್ಸೆಲ್ಲ ನಕ್ಕಿತು, ಈ ಸಲ ಆ ಹುಡುಗನನ್ನು ನೋಡಿ.

ಅನಸೂಯಮ್ಮ ೧೯೯೭ರವರೆಗೆ ಆ ಮೇಜಿನಲ್ಲೇ ಇದ್ದಳು. ಬೀರುವಿಗೆ ಸೇರಿದ ಕಾಗದಗಳಲ್ಲಿ ಕಿವಿಯವು, ಮೂರ್ಛೆಯವು, ಕೈ ನಡುಕದವು ಎಲ್ಲ ಇದ್ದವು. ಯಾರವು ಎಂದು ಮನೆಯಲ್ಲೂ ಹೇಳಿದವಳಲ್ಲ.

ನರಸಮ್ಮ ಕೊನೆಯ ಪತ್ರಿಕೆ ಮುಗಿಸಿದ ದಿನ ಆಫೀಸಿನ ಕಿಟಕಿಗೆ ಬಂದಿದ್ದಳು. ಸರಳುಗಳ ನಡುವೆ ಕೈ ತೂರಿಸಿ ಬೆರಳು ಎತ್ತಿದಳು.

"ಎಷ್ಟು ಏಳಿ ಮೇಡಂ?"

ಅನಸೂಯಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಂಗೂ ಕಾಣ್ಸಲ್ಲ ಓಗೇ," ಎಂದು ಆ ಬೆರಳುಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.